ನರ್ಸ್ ಏಡ್ ಆಗಬೇಕೆ? ಕೈ ಜೊತೆ ಬಾಯಿಯೂ ಕೆಲಸ ಮಾಡಬೇಕು

ಅಮೆರಿಕಕ್ಕೆ ಬಂದು ನೆಲೆಸಿದ ನಮ್ಮ ಕಡೆಯ ಹೆಣ್ಣುಮಕ್ಕಳು ಸಿಕ್ಕಾಗಲೆಲ್ಲ ಕೇಳುತ್ತಾರೆ: ಸಿಎನ್‌ಎ ಆಗುವುದು ಹೇಗೆ? ಸರ್ಟಿಫೈಡ್ ನರ್ಸ್ ಏಡ್, ಅಂದರೆ ವಯಸ್ಸಾದವರಿಗೆ, ಕೈಲಾಗದವರಿಗೆ ಸ್ನಾನ ಮಾಡಿಸುವ, ಬಟ್ಟೆ ತೊಡಿಸುವ, ಊಟ ಮಾಡಿಸುವ, ಎಬ್ಬಿಸಿ ಕೂರಿಸುವ ಕೆಲಸ. ಮಾತ್ರೆ ಕೊಡುವುದು, ಇಂಜೆಕ್ಷನ್ ಚುಚ್ಚುವುದು ಇದರಲ್ಲಿ ಬರುವುದಿಲ್ಲ. ನಾನು ಈ ಕೆಲಸದಲ್ಲೇ ಇರುವವಳು. ಶನಿವಾರಗಳಲ್ಲಿ ನಮ್ಮ ಮನೆಯ ಹಾಲ್‌ನಲ್ಲಿ ಪರೀಕ್ಷೆಗೆ ಹೊರಟವರಿಗೆ ಪ್ರಾಕ್ಟೀಸ್ ಮಾಡಿಸುತ್ತೇನೆ. ಸೋಫಾ ಮೇಲೆ ನಾನೇ ರೋಗಿಯಾಗಿ ಮಲಗುತ್ತೇನೆ. ಬರೆಯುವ ಪರೀಕ್ಷೆಯಲ್ಲಿ ನಮ್ಮವರು ಎಡವಿದ್ದನ್ನು ನಾನು ನೋಡಿಲ್ಲ. ಎಡವುವುದೆಲ್ಲ ಕೈಕೆಲಸದ ಪರೀಕ್ಷೆಯಲ್ಲಿ. ಹಾಗಾಗಿ ಈ ಲೇಖನದಲ್ಲಿ ಅದರದ್ದೇ ದೊಡ್ಡ ಪಾಲು.

ಮೊದಲ ಹೆಜ್ಜೆ: ಕಾಗದ ಪತ್ರ

ಕೆಲಸ ಮಾಡುವ ಅನುಮತಿ ಇದೆಯೇ ನೋಡಿಕೊಳ್ಳಿ. ಎಚ್-4, ಅಂದರೆ ಕೆಲಸದ ವೀಸಾ ಇರುವವರ ಕುಟುಂಬದವರಿಗೆ ಸಿಗುವ ವೀಸಾದಲ್ಲಿರುವವರು, ಕೆಲಸದ ಪರವಾನಗಿ ಕಾರ್ಡ್ ಇಲ್ಲದೆ ಸಂಬಳಕ್ಕೆ ದುಡಿಯುವಂತಿಲ್ಲ. ಕೋರ್ಸಿಗೆ ದುಡ್ಡು ಕಟ್ಟಿದ ಮೇಲೆ ಇದನ್ನು ತಿಳಿದುಕೊಂಡವರನ್ನು ಕಂಡಿದ್ದೇನೆ. ಕ್ಷಯದ ಪರೀಕ್ಷೆ, ಆರೋಗ್ಯ ತಪಾಸಣೆ, ಬೆರಳಚ್ಚು ಇವೆಲ್ಲ ಶಾಲೆಯವರು ಹೇಳಿದಂತೆ ಮಾಡಿಸಿದರೆ ಮುಗಿಯಿತು.

ಒಂದು ವಿಷಯ ಮಾತ್ರ ಮುಗಿಯುವುದಿಲ್ಲ. ಅದು ಹೆಸರು. ನಮ್ಮಲ್ಲಿ ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತದೆ, ಊರಿನ ಹೆಸರು ಮುಂದೆ ನಿಲ್ಲುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗಿ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಗುರುತಿನ ಚೀಟಿಯಲ್ಲಿ ಒಂದು ಹೆಸರು, ಪರೀಕ್ಷೆಯ ಅರ್ಜಿಯಲ್ಲಿ ಇನ್ನೊಂದು ಇದ್ದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ, ಕಟ್ಟಿದ ಫೀಸೂ ಹೋಗಬಹುದು. ಶಾಲೆಗೆ ಸೇರುವ ದಿನವೇ ಎಲ್ಲ ಕಡೆ ಒಂದೇ ಹೆಸರು ಮಾಡಿಕೊಳ್ಳಿ.

ಎರಡನೆಯದು: ತರಬೇತಿ

1987ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಒಂದು ಕಾನೂನು ಮಾಡಿತು. ಸರ್ಕಾರದ ಹಣ ಪಡೆಯುವ ನರ್ಸಿಂಗ್ ಹೋಮ್‌ಗಳ ಏಡ್‌ಗಳಿಗೆ ಕನಿಷ್ಠ 75 ಗಂಟೆ ತರಬೇತಿ ಬೇಕು, ಅದರಲ್ಲಿ ಕನಿಷ್ಠ 16 ಗಂಟೆ ಮೇಲ್ವಿಚಾರಣೆಯಲ್ಲಿ ಕೈಯಾರೆ ಕಲಿತಿರಬೇಕು ಎಂದು ಗೊತ್ತುಮಾಡಿದ್ದು ಅದೇ. ರಾಜ್ಯಗಳು ಇದಕ್ಕಿಂತ ಜಾಸ್ತಿ ಕೇಳಬಹುದು. ಟೆಕ್ಸಾಸ್‌ನಲ್ಲಿ 100 ಗಂಟೆ. ಕ್ಯಾಲಿಫೋರ್ನಿಯಾದಲ್ಲಿ 160: ತರಗತಿಯಲ್ಲಿ 60, ರೋಗಿಗಳ ಪಕ್ಕದಲ್ಲಿ 100. ಅಂದ ಹಾಗೆ, ಇಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮೂರಿನ ಸಣ್ಣ ಖಾಸಗಿ ಆಸ್ಪತ್ರೆ ಅಲ್ಲ. ವಯಸ್ಸಾದವರು ತಿಂಗಳು, ವರ್ಷಗಟ್ಟಲೆ ಉಳಿಯುವ ಜಾಗ. ಅವರನ್ನು ರೋಗಿ ಅನ್ನುವುದಿಲ್ಲ, ರೆಸಿಡೆಂಟ್ ಅನ್ನುತ್ತಾರೆ. ಅದು ಅವರ ಮನೆ.

‘ಎಲ್ಲವೂ ಆನ್‌ಲೈನ್, ಎರಡು ವಾರದಲ್ಲಿ ಸರ್ಟಿಫಿಕೇಟ್’ ಎನ್ನುವ ಜಾಹೀರಾತನ್ನು ನಂಬಬೇಡಿ. ನಾನು ಮೊದಲು ಸೇರಿದ್ದು ಅಂಥದ್ದೊಂದು ಕಡೆ. ಪಾಠ ಕಂಪ್ಯೂಟರಿನಲ್ಲಿ ಬಂತು, ಕೈಕೆಲಸ ಕಲಿಸುವ ಜಾಗ ಬರಲೇ ಇಲ್ಲ, ದುಡ್ಡೂ ವಾಪಸ್ ಬರಲಿಲ್ಲ. ತರಗತಿಯ ಪಾಠದಲ್ಲಿ ಸ್ವಲ್ಪ ಭಾಗ ಆನ್‌ಲೈನ್ ಇರಬಹುದು. ಹಾಸಿಗೆಯ ಪಕ್ಕದ ಗಂಟೆಗಳು ಹಾಸಿಗೆಯ ಪಕ್ಕದಲ್ಲೇ ಆಗಬೇಕು. ನಿಮ್ಮ ರಾಜ್ಯದ ಒಪ್ಪಿಗೆ ಪಡೆದ ಶಾಲೆಗಳ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಸೇರಿ.

ನನ್ನನ್ನು ಕೇಳಿದರೆ, ಶಾಲೆಗೆ ಹೋಗುವ ಮೊದಲು ಹತ್ತಿರದ ನರ್ಸಿಂಗ್ ಹೋಮಿಗೆ ಹೋಗಿ ವಿಚಾರಿಸಿ. ಕೆಲವರು ಕೆಲಸಕ್ಕೆ ಸೇರಿಸಿಕೊಂಡೇ ತರಬೇತಿ ಕೊಡುತ್ತಾರೆ. ಹಾಗೆ ಸೇರಿದವರಿಂದ ಅವರು ತರಬೇತಿಗೆ, ಪರೀಕ್ಷೆಗೆ ದುಡ್ಡು ತೆಗೆದುಕೊಳ್ಳುವಂತಿಲ್ಲ, ಪುಸ್ತಕಕ್ಕೂ ಇಲ್ಲ. ಸ್ವಂತ ದುಡ್ಡಿನಲ್ಲಿ ಕಲಿತು 12 ತಿಂಗಳೊಳಗೆ ಇಂಥ ಕಡೆ ಕೆಲಸಕ್ಕೆ ಸೇರಿದರೆ, ಖರ್ಚು ಕಂತಿನಲ್ಲಿ ವಾಪಸ್ ಕೇಳುವ ಹಕ್ಕೂ ಇದೆ. ರಸೀದಿ ಎಸೆಯಬೇಡಿ.

ಊರಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿ ಬಂದವರು ಎಲ್ಲ ತರಬೇತಿ ಮತ್ತೆ ಮಾಡಬೇಕು ಎಂದುಕೊಳ್ಳಬೇಡಿ. ಕೆಲವು ರಾಜ್ಯಗಳು ನೇರವಾಗಿ ಪರೀಕ್ಷೆಗೆ ಬಿಡುತ್ತವೆ. ಕೇಳಿ ನೋಡಿ.

ಮೂರನೆಯದು: ಕೈಕೆಲಸದ ಪರೀಕ್ಷೆ

ಬರೆಯುವ ಪರೀಕ್ಷೆಯಲ್ಲಿ ಉತ್ತರ ಆರಿಸಿದರೆ ಸಾಕು. ಓದಲು ಕಷ್ಟವಾದರೆ ಕಿವಿಯಲ್ಲಿ ಕೇಳಿಸಿಕೊಂಡು ಉತ್ತರಿಸುವ ಅವಕಾಶವೂ ಇದೆ. ಅದನ್ನು ಇಷ್ಟಕ್ಕೆ ಬಿಡೋಣ.

ಕೈಕೆಲಸದ ಪರೀಕ್ಷೆಯಲ್ಲಿ ಹಲವು ರಾಜ್ಯಗಳು ಐದು ಕೆಲಸ ಕೊಡುತ್ತವೆ. ಕೈ ತೊಳೆಯುವುದು ಎಲ್ಲರಿಗೂ. ಉಳಿದವು ಯಾವುವು ಎಂದು ಆ ದಿನವೇ ಗೊತ್ತಾಗುವುದು. ಪ್ರತಿ ಕೆಲಸಕ್ಕೂ ಹೆಜ್ಜೆಗಳ ಪಟ್ಟಿ ಇದೆ. ರಾಜ್ಯದ ಕೈಪಿಡಿಯನ್ನು ಇಳಿಸಿಕೊಳ್ಳಿ, ಅದರಲ್ಲಿ ಎಲ್ಲವೂ ಬರೆದಿರುತ್ತದೆ. ಹಲವು ಕೈಪಿಡಿಗಳಲ್ಲಿ ಕೆಲವು ಹೆಜ್ಜೆಗಳು ದಪ್ಪ ಅಕ್ಷರದಲ್ಲಿವೆ. ಅವುಗಳಲ್ಲಿ ಒಂದು ತಪ್ಪಿದರೂ ಆ ಕೆಲಸ ಫೇಲ್. ಯೂಟ್ಯೂಬ್ ನೋಡುವುದು ತಪ್ಪಲ್ಲ, ಆದರೆ ಬೇರೆ ರಾಜ್ಯದ ವಿಡಿಯೊ ನೋಡಿ ಕಲಿತರೆ ಹೆಜ್ಜೆ ಬದಲಾಗಿರುತ್ತದೆ.

ಕೈ ತೊಳೆಯುವುದರಿಂದ ಶುರು ಮಾಡಿ. ನೀರು ಬೆರಳ ತುದಿಯ ಕಡೆಗೆ ಇಳಿಯಬೇಕು, ಮೊಣಕೈ ಮೇಲಿರಲಿ. ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಬೇಕು. ಬೆರಳ ಸಂದು, ಮಣಿಕಟ್ಟು, ಕೈಯ ಹಿಂಭಾಗ. ಉಗುರುಗಳನ್ನು ಇನ್ನೊಂದು ಅಂಗೈಗೆ ಉಜ್ಜುವುದನ್ನು ಬಹಳ ಜನ ಮರೆಯುತ್ತಾರೆ. ಸಿಂಕಿನ ಒಳಗೋಡೆಗೆ ಕೈ ತಾಗಿದರೆ ಮತ್ತೆ ಮೊದಲಿಂದ. ಒರೆಸಿದ ಕಾಗದ ಎಸೆದು, ಬೇರೆ ಒಣ ಕಾಗದ ಹಿಡಿದು ನಲ್ಲಿ ನಿಲ್ಲಿಸಿ. ಬರಿಗೈಯಲ್ಲಿ ನಲ್ಲಿ ತಿರುಗಿಸಿದರೆ ಅಷ್ಟು ಹೊತ್ತು ತೊಳೆದದ್ದೆಲ್ಲ ವ್ಯರ್ಥ. ನಮ್ಮ ಮನೆಯ ಅಭ್ಯಾಸ ಹಾಗೇ ಇದೆ, ಅಲ್ವಾ? ಅದಕ್ಕೇ ಪರೀಕ್ಷೆಗೆ ಒಂದು ತಿಂಗಳು ಮೊದಲಿಂದ ಮನೆಯ ನಲ್ಲಿಯಲ್ಲೂ ಹೀಗೇ ಮಾಡಿ.

ಈಗ ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸುವ ಕೆಲಸ. ಇಲ್ಲಿ ಸೋತವರೇ ಜಾಸ್ತಿ. ಕುರ್ಚಿಯನ್ನು ಹಾಸಿಗೆಗೆ ಒತ್ತಿ ನಿಲ್ಲಿಸಿ. ಕಾಲಿಡುವ ತಟ್ಟೆಗಳನ್ನು ಮಡಚಿ. ಎರಡೂ ಬ್ರೇಕ್ ಹಾಕಿ, ಹಾಕಿದ ಮೇಲೆ ಕುರ್ಚಿ ಅಲುಗಾಡಿಸಿ ನೋಡಿ. ಹಾಸಿಗೆಯ ಗಾಲಿಯ ಬ್ರೇಕನ್ನೂ ನೋಡಿ. ಮಲಗಿದವರನ್ನು ಎಬ್ಬಿಸಿ ಹಾಸಿಗೆಯ ಅಂಚಿನಲ್ಲಿ ಕೂರಿಸಿ, ಪಾದ ನೆಲಕ್ಕೆ ಊರಿರಲಿ, ಜಾರದ ಚಪ್ಪಲಿಯೋ ಶೂವೋ ಕಾಲಲ್ಲಿರಲಿ. ತಲೆ ಸುತ್ತುತ್ತಿದೆಯಾ ಕೇಳಿ. ಅವರ ನಡುವಿಗೆ ಬಟ್ಟೆಯ ಮೇಲಿಂದ, ಹಿಡಿದು ಎಬ್ಬಿಸಲೆಂದೇ ಇರುವ ಬೆಲ್ಟ್ ಕಟ್ಟಿ, ಎರಡು ಬೆರಳು ತೂರುವಷ್ಟು ಬಿಗಿ. ಬೆಲ್ಟನ್ನು ಎರಡೂ ಕಡೆ ಕೆಳಗಿನಿಂದ ಮೇಲೆ ಹಿಡಿಯಿರಿ. ನಿಮ್ಮ ಮೊಣಕಾಲು ಅವರ ಮೊಣಕಾಲಿಗೆ ಎದುರಾಗಿರಲಿ. ‘ಮೂರು ಎಣಿಸುತ್ತೇನೆ, ಮೂರಕ್ಕೆ ಏಳೋಣ’ ಎಂದು ಹೇಳಿ, ಎಣಿಸಿ, ಒಟ್ಟಿಗೆ ಏಳಿ. ಕಂಕುಳಲ್ಲಿ ಕೈ ಹಾಕಿ ಎತ್ತಬೇಡಿ. ಮನೆಯಲ್ಲಿ ಅಜ್ಜಿಯನ್ನು ನಾವು ಎತ್ತುತ್ತಿದ್ದದ್ದು ಹಾಗೇ, ಅದಕ್ಕೇ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಅವರ ಭುಜಕ್ಕೂ ಪೆಟ್ಟು, ನಿಮ್ಮ ಬೆನ್ನಿಗೂ ಪೆಟ್ಟು. ಕುರ್ಚಿಯ ಅಂಚು ಅವರ ಕಾಲ ಹಿಂಭಾಗಕ್ಕೆ ತಾಗುವವರೆಗೂ ಸಣ್ಣ ಹೆಜ್ಜೆಯಲ್ಲಿ ತಿರುಗಿ, ಆಮೇಲೆ ನಿಧಾನ ಇಳಿಸಿ.

ಬೆಲ್ಟನ್ನು ಪ್ರಾಕ್ಟೀಸಿಗೆ ಕೊಳ್ಳುವುದಾದರೆ ಲೋಹದ ಬಕಲ್‌ನದ್ದು ತೆಗೆದುಕೊಳ್ಳಿ. ಪ್ಲಾಸ್ಟಿಕ್ ಕ್ಲಿಪ್ಪಿನದ್ದು ಸುಲಭ ಅನಿಸುತ್ತದೆ. ಪರೀಕ್ಷೆಯ ದಿನ ಲೋಹದ್ದು ಕೊಟ್ಟರೆ ಬಕಲ್‌ನ ಹಲ್ಲುಗಳೊಳಗೆ ಪಟ್ಟಿ ತೂರಿಸಲು ಬರದೆ ಕೈ ನಡುಗುತ್ತದೆ.

ಬಟ್ಟೆ ತೊಡಿಸುವುದಕ್ಕೆ ಒಂದೇ ಸೂತ್ರ: ತೊಡಿಸುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಮುಖ ಒರೆಸುವಾಗ ಕಣ್ಣನ್ನು ಮೂಗಿನ ಕಡೆಯಿಂದ ಹೊರಗೆ, ಇನ್ನೊಂದು ಕಣ್ಣಿಗೆ ಬಟ್ಟೆಯ ಬೇರೆ ಭಾಗ. ನಾಡಿ ಎಣಿಸುವುದು ಪೂರ್ತಿ ಒಂದು ನಿಮಿಷ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಅಡ್ಡದಾರಿ ಬೇಡ. ಒಂದು ಬಡಿತ ತಪ್ಪಿದರೆ ಅದೂ ಎರಡಾಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ತಪ್ಪುವುದು

ಅದು ಮಾತು. ನಮ್ಮವರು ಸೇವೆಯನ್ನು ಸುಮ್ನೆ ಮಾಡುತ್ತಾರೆ. ಅತ್ತೆಯ ಕಾಲು ಒತ್ತುವಾಗ ‘ಒತ್ತಲಾ’ ಎಂದು ಕೇಳಿದರೆ ಅದು ಕೊಂಕು ಅನಿಸೀತು ಎಂಬ ಅಳುಕು. ಇಲ್ಲಿ ಕೇಳುವುದೇ ಕೆಲಸದ ಮೊದಲ ಭಾಗ. ಬಾಗಿಲು ತಟ್ಟಿ, ನಿಮ್ಮ ಹೆಸರು ಹೇಳಿ, ಅವರನ್ನು ಹೆಸರು ಹಿಡಿದು ಕರೆಯಿರಿ. ಏನು ಮಾಡಲಿದ್ದೀರಿ ಎಂದು ಮುಖ ನೋಡಿ ಹೇಳಿ. ಪರದೆ ಎಳೆಯಿರಿ. ನೀರು ಬೆಚ್ಚಗಿದೆಯಾ, ನೀವೂ ಮುಟ್ಟಿ ನೋಡಿ ಎಂದು ಕೇಳಿ. ಊಟ ಮಾಡಿಸುವಾಗ ತಟ್ಟೆಯಲ್ಲಿ ಏನೇನಿದೆ ಎಂದು ಹೇಳಿ, ಮೊದಲು ಯಾವುದು ಬೇಕು ಕೇಳಿ.

ಇದು ಅಂಕಕ್ಕಾಗಿ ಇಟ್ಟದ್ದಲ್ಲ ಎಂದು ನನಗೆ ಗೊತ್ತಾದದ್ದು ಆ ಸೋಫಾ ಮೇಲೆ. ಒಮ್ಮೆ ಪ್ರಾಕ್ಟೀಸಿಗೆ ಬಂದ ಹುಡುಗಿಯೊಬ್ಬಳು ಹೇಳದೆ ಕೇಳದೆ ನನ್ನ ಮಗ್ಗುಲು ತಿರುಗಿಸಿದಳು. ಕೈ ಚೆನ್ನಾಗಿಯೇ ಇತ್ತು, ಹಗುರವಾಗಿಯೇ ಇತ್ತು. ಆದರೂ ನನ್ನ ಎದೆ ಒಮ್ಮೆ ಹಾರಿ, ಕೈ ಗಟ್ಟಿಯಾಗಿ ಸೋಫಾದ ಅಂಚು ಹಿಡಿಯಿತು. ಎದ್ದು ಕೂತು ಅವಳನ್ನು ಮಲಗಿಸಿ ನಾನೂ ಹಾಗೇ ತಿರುಗಿಸಿದೆ. ಅವಳೂ ಅಂಚು ಹಿಡಿದಳು. ಮಾರನೆಯ ವಾರದಿಂದ ಅವಳ ಬಾಯಿ ನಿಲ್ಲಲಿಲ್ಲ. ಬರೀ ಕನ್ನಡದಲ್ಲಿ ಶುರು ಮಾಡಿ, ಆಮೇಲೆ ಅದನ್ನೇ ಇಂಗ್ಲಿಷಿಗೆ ತಂದಳು. ನೀವೂ ಹಾಗೇ ಮಾಡಿ. ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿದವರು ಗಾಬರಿಯಲ್ಲಿ ಮರೆಯುತ್ತಾರೆ. ಮಾತಾಡುವ ಅಭ್ಯಾಸ ಕೂತರೆ ಭಾಷೆ ಹರಕಾದರೂ ನಡೆಯುತ್ತದೆ. ಪ್ರಾಕ್ಟೀಸಿಗೆ ಗೊಂಬೆಯೋ ದಿಂಬೋ ಸಾಲದು, ಮನುಷ್ಯರನ್ನೇ ಮಲಗಿಸಿ. ನೀವೂ ಒಮ್ಮೆ ಮಲಗಿ.

ಕೆಲಸ ಮುಗಿಸಿ ಹೊರಡುವ ಮುಂಚೆ ಹಾಸಿಗೆ ತಗ್ಗಿಸಿ, ಕರೆಗಂಟೆಯ ಗುಂಡಿಯನ್ನು ಅವರ ಕೈಗೆ ಎಟುಕುವ ಕಡೆ ಇಡಿ. ಒಂದು ಕೈ ಆಡದವರಾದರೆ ಆಡುವ ಕೈಯ ಪಕ್ಕ. ನಡುವೆ ಏನಾದರೂ ತಪ್ಪಿತು ಅನಿಸಿದರೆ ಗಾಬರಿ ಬೇಡ. ‘ಇದನ್ನು ಸರಿ ಮಾಡುತ್ತೇನೆ’ ಎಂದು ಬಾಯಲ್ಲಿ ಹೇಳಿ, ಆ ಹೆಜ್ಜೆ ಮತ್ತೆ ಮಾಡಿ. ಹಲವು ರಾಜ್ಯಗಳಲ್ಲಿ, ಆ ಕೆಲಸ ಮುಗಿಯುವ ಮೊದಲಾದರೆ, ಒಪ್ಪುತ್ತಾರೆ. ಫೇಲಾದರೂ ಕನಿಷ್ಠ ಮೂರು ಸಲ ಅವಕಾಶ ಕೊಡಬೇಕೆಂದು ಕಾನೂನೇ ಹೇಳುತ್ತದೆ.

ಕೊನೆಯದು: ರಿಜಿಸ್ಟ್ರಿ

ಪಾಸಾದವರ ಹೆಸರು ರಾಜ್ಯದ ನರ್ಸ್ ಏಡ್ ರಿಜಿಸ್ಟ್ರಿಗೆ ಸೇರುತ್ತದೆ. ಕೆಲಸ ಕೊಡುವವರು ಮೊದಲು ನೋಡುವುದು ಅಲ್ಲೇ. ನೀವೂ ಆನ್‌ಲೈನ್‌ನಲ್ಲಿ ಹುಡುಕಿ, ಅಕ್ಷರ ಸರಿಯಿದೆಯಾ ನೋಡಿ. ಮಗು ಹುಟ್ಟಿತು, ಊರಿಗೆ ಹೋದೆ ಎಂದು ಸಂಬಳದ ಕೆಲಸ ಸತತ 24 ತಿಂಗಳು ಬಿಟ್ಟರೆ ಹೆಸರು ಊರ್ಜಿತ ಇರುವುದಿಲ್ಲ, ಮತ್ತೆ ತರಬೇತಿಯೋ ಪರೀಕ್ಷೆಯೋ ಆಗಬೇಕು. ಆ 24 ತಿಂಗಳು ತುಂಬುವ ಮೊದಲು ಸ್ವಲ್ಪ ದಿನವಾದರೂ ಶಿಫ್ಟ್ ಮಾಡಿ, ಆ ಸಂಬಳದ ಚೀಟಿಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ.