ದಂಡೆ ಮೇಲಿನ ದೋಣಿಗೆ ದರ ಹೇಳುವ ಮುನ್ನ

ಮೇ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ಅನಗವಾಡಿ ಸೇತುವೆ ಮೇಲೆ ನಿಂತು ನೋಡಿ. ಹಿನ್ನೀರು ಸರಿದು, ಬಿರುಕು ಬಿಟ್ಟ ಮಣ್ಣಿನ ಮೇಲೆ ದೋಣಿಗಳು ಬೋರಲು ಬಿದ್ದಿರುತ್ತವೆ. ಆಲಮಟ್ಟಿ ಜಲಾಶಯ 519.60 ಮೀಟರ್‌ವರೆಗೆ ತುಂಬುವುದು ಮಹಾರಾಷ್ಟ್ರದಲ್ಲಿ ಮಳೆ ಜೋರಾದ ಮೇಲೆ. ಅಲ್ಲಿಯವರೆಗೆ ದೋಣಿಗೆ ಕೆಲಸ ಕಡಿಮೆ. ಇತ್ತ ರೋಹಿಣಿ ಮಳೆ ಬಂದರೆ ದೋಣಿಯವರಿಗೆ ಬೀಜ-ಗೊಬ್ಬರಕ್ಕೆ ದುಡ್ಡು ಬೇಕು, ಶಾಲೆ ಶುರುವಾದರೆ ಮಕ್ಕಳ ಫೀ ಕಟ್ಟಬೇಕು. ಹಳೇ ದೋಣಿ ಕೊಳ್ಳುವವರಿಗೆ ಇದೇ ಸುಗ್ಗಿ.

ಆದರೆ ಒಂದು ಪೇಚಿದೆ. ದೋಣಿ ಸೋರುತ್ತದೋ ಇಲ್ಲವೋ ನೀರಿಗಿಳಿದಾಗಲೇ ಗೊತ್ತಾಗುವುದು. ಅಗ್ಗಕ್ಕೆ ಸಿಗುವ ಹೊತ್ತಿನಲ್ಲಿ ನೀರೇ ದೂರ! ನಾನಿದನ್ನು ಕಲಿತದ್ದು ಕೈ ಸುಟ್ಟುಕೊಂಡು. ಸೋದರಮಾವನ ಮಗನ ಜೊತೆ ಹೋಗಿ, ಏಪ್ರಿಲ್‌ನಲ್ಲಿ 18 ಅಡಿಯ ಫೈಬರ್ ದೋಣಿಗೆ ಪೂರ್ತಿ ಹಣ ಎಣಿಸಿ ಕೊಟ್ಟೆವು. ಆಗಸ್ಟ್‌ನಲ್ಲಿ ನೀರಿಗೆ ಬಿಟ್ಟರೆ ಅರ್ಧ ತಾಸಿನಲ್ಲಿ ಪಾದ ಮುಳುಗಿತು. ಮಾರಿದವರನ್ನು ಕೇಳಿದ್ದಕ್ಕೆ ಬಂದ ಉತ್ತರ: "ನಾ ಕೊಟ್ಟಾಗ ಒಣಗೇ ಇತ್ತಲ್ರಿ!"

ಮೊದಲು ತಟ್ಟಿ ನೋಡಿ

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೊದಲು ಹಲ್ಲು ನೋಡುತ್ತಾರೆ, ನಡೆಸಿ ನೋಡುತ್ತಾರೆ. ದರದ ಮಾತು ಆಮೇಲೆ. ದೋಣಿಗೂ ಅದೇ ಕ್ರಮ. ಬೆಳಿಗ್ಗೆ ಬೇಗ ಹೋಗಿ, ಓರೆ ಬಿಸಿಲಲ್ಲಿ ಮೈ ಮೇಲಿನ ಗುಳ್ಳೆ, ತೇಪೆ, ಕೂದಲೆಳೆ ಬಿರುಕು ಎಲ್ಲ ಕಾಣುತ್ತವೆ. ಹೊಸದಾಗಿ ಬಣ್ಣ ಬಳಿದಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ. ಒಂದು ನಾಣ್ಯ ಹಿಡಿದು ಮೈಯೆಲ್ಲ ತಟ್ಟುತ್ತ ಬನ್ನಿ. ಟಣ್ ಅಂದರೆ ಗಟ್ಟಿ. ಬದ್ ಅಂತ ಮಂಕು ಸದ್ದು ಬಂದ ಕಡೆ ಒಳಗೆ ಪದರ ಬಿಟ್ಟಿರಬಹುದು, ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಎಂಜಿನ್ ತೂಗುಹಾಕುವ ಹಿಂದಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಒಳಗಿನ ಕಟ್ಟಿಗೆ ಕೊಳೆತಿದ್ದರೆ ಅದು ಮೆತ್ತಗೆ ಬಾಗುತ್ತದೆ.

ಆಮೇಲೆ ಬೋರಲು ಬಿದ್ದ ದೋಣಿಯನ್ನು ಅಂಗಾತ ಮಾಡಿ, ಮರಳು ತುಂಬಿದ ಚೀಲಗಳ ಮೇಲೆ ಎತ್ತಿ ಇಡಿಸಿ. ತಳದ ಹೊರಮೈಗೆ ಒಣ ಬೂದಿ ಸವರಿ, ಒಳಗೆ ಹತ್ತು ಕೊಡ ನೀರು ಸುರಿಯಿರಿ. ಒಂದು ತಾಸು ಚಹಾ ಕುಡಿಯುತ್ತ ಕೂತಿರಿ. ಜಿನುಗಿದ ಕಡೆ ಬೂದಿ ಕಪ್ಪಾಗುತ್ತದೆ. ಹೊಳೆ ದೂರವಿದ್ದಾಗ ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ.

ಬಿದಿರಿನ ಹರಗೋಲಿಗೆ ಇಷ್ಟೆಲ್ಲ ಬೇಡ. ಹೆಣಿಗೆ ಒತ್ತಿದಾಗ ಪುಡಿ ಉದುರಿದರೆ ಹುಳ ಹತ್ತಿದೆ ಅಂತಲೇ ಲೆಕ್ಕ. ಸುಮ್ನೆ ಹೊಸದನ್ನೇ ಹೆಣೆಸಿಕೊಳ್ಳಿ.

ಎಂಜಿನ್ ಇದ್ದರೆ ಅದರ ಕಾಲನ್ನು, ಅಂದರೆ ನೀರಲ್ಲಿ ಮುಳುಗುವ ಕೆಳಭಾಗವನ್ನು, ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿಯೇ ಚಾಲೂ ಮಾಡಿಸಿ. ನೀರಿಲ್ಲದೆ ಓಡಿಸಿದರೆ ಒಳಗಿನ ಪಂಪಿನ ರಬ್ಬರ್ ಸುಟ್ಟು ಹೋಗುತ್ತದೆ. ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮಬೇಕು. ಗೇರ್ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ. 2019ರ ಆಗಸ್ಟ್ ಪ್ರವಾಹದಲ್ಲಿ ಮುಳುಗಿತ್ತಾ ಅಂತ ನೇರವಾಗಿ ಕೇಳಿಬಿಡಿ.

ಈಗ ಚೌಕಾಸಿ

ಸೀಮೆಸುಣ್ಣದ ಗುರುತುಗಳೇ ನಿಮ್ಮ ಮಾತು. ತೇಪೆಗೆ ಬೇಕಾದ ಫೈಬರ್ ಮ್ಯಾಟ್ (ಗಾಜಿನ ನಾರಿನ ಹಾಸು), ಅದನ್ನು ಅಂಟಿಸುವ ರೆಸಿನ್ ದರ ಅಂಗಡಿಯಲ್ಲಿ ಮೊದಲೇ ಕೇಳಿಕೊಂಡಿರಿ. 1 ಕೆಜಿ ಮ್ಯಾಟ್‌ಗೆ ಹೆಚ್ಚುಕಡಿಮೆ 2ರಿಂದ 2.5 ಕೆಜಿ ರೆಸಿನ್ ಹಿಡಿಯುತ್ತದೆ, ಮೇಲೆ ಕೂಲಿ. ಮಾರುವವರ ಎದುರೇ ಲೆಕ್ಕ ಕೂಡಿಸಿ. "ಕಾಕಾ, ದೋಣಿ ಚಲೋ ಐತಿ. ಆದ್ರ ಈ ಮೂರು ಕಡೆ ತೇಪಿ ಹಾಕಬೇಕು. ಅದರ ಖರ್ಚು ನೀವೇ ಹೇಳ್ರಿ" ಅನ್ನಿ. ಅವರ ಬಾಯಿಂದಲೇ ಬಂದ ಮೊತ್ತ ಕಳೆಯುವುದು ಸುಲಭ. ದೋಣಿಯನ್ನು ಮಾತ್ರ ಹೀಗಳೆಯಬೇಡಿ. ಅವರ ಮನೆಗೆ ಅನ್ನ ಹಾಕಿದ ದೋಣಿ ಅದು. ಬೇಸರವಾದರೆ ನೂರು ರೂಪಾಯಿಯೂ ಬಿಡುವುದಿಲ್ಲ.

ದರಕ್ಕಿಂತ ಜೋರಾಗಿ ಹಿಡಿಯಬೇಕಾದದ್ದು ಬಾಕಿ ಹಣ. ಸಂಚಕಾರ ಕೊಡಿ, ದೋಣಿ ಒಯ್ಯುವಾಗ ಇನ್ನಷ್ಟು ಕೊಡಿ. ಆದರೆ ಐದರಲ್ಲಿ ಒಂದು ಪಾಲು ಕೈಯಲ್ಲೇ ಉಳಿಸಿಕೊಳ್ಳಿ. ಹಿನ್ನೀರು ಬಂದ ಮೇಲೆ ಇಬ್ಬರೂ ಕೂತು ಒಂದು ತಾಸು ತೇಲಿಸಿ, ಸೋರದಿದ್ದರೆ ಅಲ್ಲೇ ಪಾವತಿ. ಒಪ್ಪದವರ ಬಳಿ ದರ ಇನ್ನೂ ಇಳಿಸಿ, ಇಲ್ಲವೇ ಎದ್ದು ಬನ್ನಿ. ಕಾರ ಹುಣ್ಣಿಮೆವರೆಗೂ ದಂಡೆಯಲ್ಲಿ ಬೇರೆ ದೋಣಿಗಳು ಇರುತ್ತವೆ.

ಕಾಗದ ಪತ್ರ

ಎಂಜಿನ್ ನಂಬರನ್ನು ಬಿಲ್ಲಿನ ಜೊತೆ ತಾಳೆ ನೋಡಿ. ಜನರನ್ನು ಕೂರಿಸಿ ಎಂಜಿನ್ ದೋಣಿ ಓಡಿಸುವುದಾದರೆ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ನೋಂದಣಿ ಬೇಕು. ಮೀನು ಹಿಡಿಯುವ ಲೈಸೆನ್ಸ್ ದೋಣಿಯ ಜೊತೆ ಬರುವುದಿಲ್ಲ, ಅದನ್ನು ನಿಮ್ಮ ಹೆಸರಿನಲ್ಲೇ ಮಾಡಿಸಬೇಕು. ಸಬ್ಸಿಡಿಯಲ್ಲಿ ಬಂದ ದೋಣಿಯಾದರೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸದೆ ಮುಟ್ಟಬೇಡಿ.

ಖರೀದಿ ಚೀಟಿಯಲ್ಲಿ ದೋಣಿ ಜೊತೆಗೆ ಹುಟ್ಟು, ಹಗ್ಗ, ಲಂಗರನ್ನೂ ಬರೆಸಿ. ಇಲ್ಲದಿದ್ದರೆ ಒಯ್ಯಲು ಹೋದ ದಿನ ಹುಟ್ಟು ಕಾಣುವುದಿಲ್ಲ. ಕೇಳಿದರೆ, "ಅದು ನಮ್ಮ ತಮ್ಮಂದ್ರೀ" ಅನ್ನುತ್ತಾರೆ.