ಕಾಫಿ ತೋಟದ ದೂರನ್ನು ಯುರೋಪಿನ ಸರ್ಕಾರಕ್ಕೆ ಮುಟ್ಟಿಸುವ ಬಗೆ

ಮೂಡಿಗೆರೆ ಅಥವಾ ಸಕಲೇಶಪುರದ ತೋಟವೊಂದರಲ್ಲಿ ಕನಿಷ್ಠ ಕೂಲಿ ಸಿಗದಿದ್ದರೆ ಮೊದಲು ದೂರು ಕೊಡಬೇಕಾದದ್ದು ಕಾರ್ಮಿಕ ಇಲಾಖೆಗೆ. ಮುಂಗಡ ತೀರುವವರೆಗೆ ತೋಟ ಬಿಡಕೂಡದೆಂದು ತಡೆದಿದ್ದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಉಪವಿಭಾಗಾಧಿಕಾರಿಗೂ ಅರ್ಜಿ ಸಲ್ಲಿಸಬೇಕು. ಸ್ವೀಕೃತಿ ಪಡೆದಿಟ್ಟುಕೊಳ್ಳಿ, ಇಲ್ಲಿ ಏನು ಪ್ರಯತ್ನ ನಡೆಯಿತು ಎಂಬ ಪ್ರಶ್ನೆ ವಿದೇಶದಲ್ಲಿಯೂ ಬರುತ್ತದೆ. ಆ ಕಾಫಿಯನ್ನು ಕೊಳ್ಳುವ ಕಂಪನಿಯನ್ನು ಅದರ ತವರು ಸರ್ಕಾರದ ಮುಂದೆ ಹೊಣೆ ಮಾಡಬಯಸುವ ಕಾರ್ಮಿಕ ಸಂಘಗಳಿಗೆ ಮುಂದಿನ ಹೆಜ್ಜೆಗಳು ಅನ್ವಯಿಸುತ್ತವೆ.

ಕಷ್ಟದ ಕೆಲಸವೆಂದರೆ ತೋಟಕ್ಕೂ ಕಂಪನಿಗೂ ಇರುವ ನಂಟನ್ನು ತೋರಿಸುವುದು, ಏಕೆಂದರೆ ಹಲವು ತೋಟಗಳ ಬೀಜ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಸಂಸ್ಕರಿಸುವ ಘಟಕದಲ್ಲಿ, ಒಂದಾಗಿ, ರಫ್ತುದಾರರ ಹೆಸರಿನಲ್ಲಿ ಹಡಗು ಹತ್ತುತ್ತದೆ. ರಫ್ತು ಚೀಲದ ಮೇಲಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಗುರುತಿನಲ್ಲಿ ದೇಶ, ರಫ್ತುದಾರ ಮತ್ತು ಲಾಟ್ ಸಂಖ್ಯೆಗಳಿರುತ್ತವೆ. ಅದರ ಚಿತ್ರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಜೊತೆಗೆ ತೋಟ ಪಡೆದಿರುವ ಪ್ರಮಾಣಪತ್ರ, ಹಾಜರಿ ಮತ್ತು ಮುಂಗಡದ ಲೆಕ್ಕ, ಲೈನ್ ಮನೆಗಳ (ಕಾರ್ಮಿಕರು ವಾಸಿಸುವ ಸಾಲುಮನೆಗಳ) ದಿನಾಂಕ ಸಹಿತ ಚಿತ್ರಗಳನ್ನು ಸೇರಿಸಿ. ಲೈನ್ ಮನೆ ತೋಟದವರದೇ ಆದ್ದರಿಂದ ಕೆಲಸ ಹೋದರೆ ಸೂರೂ ಹೋಗುತ್ತದೆ. ಹಾಗಾಗಿ ಕಾರ್ಮಿಕರ ಹೆಸರುಗಳನ್ನು ಪ್ರತ್ಯೇಕ ಹಾಳೆಯಲ್ಲಿಟ್ಟು, ಗೋಪ್ಯವಾಗಿರಿಸಬೇಕೆಂದು ಬರವಣಿಗೆಯಲ್ಲಿಯೇ ಕೋರಬೇಕು.

ಕೊಳ್ಳುವ ಕಂಪನಿ ಜರ್ಮನಿಯದಾದರೆ ಪತ್ರ ಬರೆಯುವ ಕ್ರಮಕ್ಕೆ ವಿಶೇಷ ಮಹತ್ವವಿದೆ. 2023ರಲ್ಲಿ ಜಾರಿಗೆ ಬಂದ ಅಲ್ಲಿನ ಪೂರೈಕೆ ಸರಪಳಿ ಕಾಯ್ದೆ ಮುಖ್ಯವಾಗಿ ನೇರ ಪೂರೈಕೆದಾರರ ಮೇಲೆ ನಿಗಾ ಇಡುವಂತೆ ಕಂಪನಿಗೆ ವಿಧಿಸುತ್ತದೆ. ಮಧ್ಯವರ್ತಿಗಳ ಆಚೆಗಿರುವ ತೋಟದ ವಿಷಯದಲ್ಲಿ, ಹಕ್ಕಿನ ಉಲ್ಲಂಘನೆ ನಡೆದಿರಬಹುದೆಂಬ ಆಧಾರಸಹಿತ ಮಾಹಿತಿ ತಲುಪಿದ ಮೇಲೆಯೇ ಅಪಾಯವನ್ನು ಪರಿಶೀಲಿಸಿ ತಡೆಯುವ ಹೊಣೆ ಅದರ ಮೇಲೆ ಬೀಳುತ್ತದೆ. ಎಂದರೆ, ದಾಖಲೆಗಳೊಡನೆ ಕಂಪನಿಯ ದೂರು ವ್ಯವಸ್ಥೆಗೆ ನೀವು ಕಳುಹಿಸುವ ಪತ್ರವೇ ಆ ಹೊಣೆಯನ್ನು ಹುಟ್ಟಿಸುತ್ತದೆ. ಅದಕ್ಕಿಂತ ಮೊದಲು ಪತ್ರಿಕೆಗಳಿಗೆ ಹೋಗುವುದು ನನ್ನ ದೃಷ್ಟಿಯಲ್ಲಿ ಅವಸರ. ಕಂಪನಿ ಸುಮ್ಮನಿದ್ದರೆ, ಹಾನಿಗೊಳಗಾದವರು ಈ ಕಾಯ್ದೆಯನ್ನು ಜಾರಿಗೊಳಿಸುವ ‘ಬಾಫಾ’ ಎಂಬ ಸರ್ಕಾರಿ ಕಚೇರಿಗೆ ಅರ್ಜಿ ಹಾಕಬಹುದು. ಅದು ದಂಡ ವಿಧಿಸಬಲ್ಲದೇ ಹೊರತು, ದಂಡದ ಹಣ ಕಾರ್ಮಿಕರಿಗೆ ಬರುವುದಿಲ್ಲ. ಇಂಥ ಕಾನೂನುಗಳನ್ನು ಸಡಿಲಿಸುವ ಒತ್ತಡವೂ ಯುರೋಪಿನಲ್ಲಿದೆ: ಕಂಪನಿಗಳ ಮೇಲೆ ಇಂಥದೇ ಹೊಣೆ ಹೊರಿಸಲು ಐರೋಪ್ಯ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ನಿರ್ದೇಶನದ ಅನ್ವಯವನ್ನು 2025ರಲ್ಲಿ ತಾನೇ ಮುಂದೂಡಿತು. ಆದ್ದರಿಂದ ಅರ್ಜಿಗೆ ಮುನ್ನ ಆ ಹೊತ್ತಿಗೆ ಜಾರಿಯಲ್ಲಿರುವ ನಿಯಮವನ್ನು ಅಲ್ಲಿನ ಕಾರ್ಮಿಕ ಸಂಘಟನೆಯೊಂದರ ಮೂಲಕ ಖಚಿತಪಡಿಸಿಕೊಳ್ಳಿ.

ಇಂಥ ಕಾಯ್ದೆ ಅನ್ವಯಿಸದಿದ್ದರೆ, ಬಹುರಾಷ್ಟ್ರೀಯ ಕಂಪನಿಗಳ ನಡವಳಿಕೆ ಕುರಿತು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ರೂಪಿಸಿರುವ ಮಾರ್ಗಸೂಚಿಯ ದಾರಿಯಿದೆ. ಭಾರತ ಇದಕ್ಕೆ ಸೇರಿಲ್ಲವಾದರೂ, ಸೇರಿರುವ ದೇಶದ ಕಂಪನಿ ಹೊರಗೆ ನಡೆಸುವ ವ್ಯವಹಾರಕ್ಕೂ ಮಾರ್ಗಸೂಚಿ ಅನ್ವಯಿಸುವುದರಿಂದ, ಕಂಪನಿಯ ತವರು ದೇಶದ ಸರ್ಕಾರ ಈ ಮಾರ್ಗಸೂಚಿಗಾಗಿ ಸ್ಥಾಪಿಸಿರುವ ರಾಷ್ಟ್ರೀಯ ಸಂಪರ್ಕ ಕೇಂದ್ರಕ್ಕೆ ಕಾರ್ಮಿಕ ಸಂಘವೇ ವಕೀಲರಿಲ್ಲದೆ ದೂರು ಕೊಡಬಹುದು. ಕೇಂದ್ರವು ಸಂಧಾನಕ್ಕೆ ಕರೆಯುತ್ತದೆ, ಆದರೆ ಬರುವಂತೆ ಯಾರನ್ನೂ ಬಲವಂತಪಡಿಸಲಾರದು. ಆದ್ದರಿಂದ ‘ನ್ಯಾಯ ಬೇಕು’ ಎಂದಷ್ಟೇ ಬರೆಯದೆ, ಬಾಕಿ ಕೂಲಿ, ಮುಂಗಡದ ಮನ್ನಾ, ಲೈನ್ ಮನೆಯ ದುರಸ್ತಿ ಎಂದು ಬೇಡಿಕೆಗಳನ್ನು ಬಿಡಿಸಿ ಬರೆಯಿರಿ. ಕಂಪನಿ ಬಾರದಿದ್ದರೂ ಕೇಂದ್ರ ಅಂತಿಮ ಹೇಳಿಕೆಯನ್ನು ಪ್ರಕಟಿಸಬೇಕಾಗುತ್ತದೆ; ಅದರ ಪ್ರತಿಯನ್ನು ಪ್ರಮಾಣಪತ್ರ ನೀಡಿದ ಸಂಸ್ಥೆಗೂ ರಫ್ತುದಾರರಿಗೂ ಕಳುಹಿಸಬಹುದು.

ಫ್ರಾನ್ಸಿನ ದೊಡ್ಡ ಕಂಪನಿಗಳ ವಿರುದ್ಧ 2017ರ ಜಾಗರೂಕತೆಯ ಕಾಯ್ದೆಯಡಿ ಪ್ಯಾರಿಸ್ಸಿನ ನ್ಯಾಯಾಲಯಕ್ಕೇ ಹೋಗಲು ಅವಕಾಶವಿದೆ. ಮೊದಲು ನೋಟಿಸ್ ಕೊಟ್ಟು ಮೂರು ತಿಂಗಳು ಕಾಯಬೇಕು, ಮತ್ತು ಅಲ್ಲಿನ ವಕೀಲರಿಲ್ಲದೆ ಈ ದಾರಿ ಹಿಡಿಯಬಾರದು.