ಬಸುರಿಗೆ ಶುಗರ್: ಸಿಹಿಯನ್ನಷ್ಟೇ ಅಲ್ಲ, ಬಚ್ಚಲ ಒಲೆಯನ್ನೂ ನೋಡಿ

ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ ನಾಳೆ ಬೆಳಗ್ಗೆ ಬಚ್ಚಲ ಒಲೆ ಹತ್ತಿಸುವಾಗ ಒಮ್ಮೆ ನಿಂತು ನೋಡಿ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು, ಸ್ನಾನದ ನೀರಿಗೆ ಮಾತ್ರ ಇನ್ನೂ ಸೌದೆಯೇ. ಬೇಗ ಹತ್ತಿಕೊಳ್ಳಲಿ ಎಂದು ಹಾಲಿನ ಕವರ್, ಬಿಸ್ಕತ್ ಪೊಟ್ಟಣ, ಹರಿದ ಚಪ್ಪಲಿ ಎಲ್ಲವನ್ನೂ ಒಲೆಗೆ ತುರುಕುವ ಮನೆಗಳು ನಮ್ಮ ಮಲೆನಾಡಿನಲ್ಲಿ ಬೇಕಾದಷ್ಟಿವೆ. ನನ್ನ ತವರಿನಲ್ಲೂ ಹಾಗೇ ಇತ್ತು. ಅಕ್ಕ ಏಳು ತಿಂಗಳ ಬಸುರಿ, ಬೆಳಗ್ಗೆ ಎದ್ದು ಒಲೆ ಊದುತ್ತಿದ್ದವಳು ಅವಳೇ. ಅವಳಿಗೆ ಶುಗರ್ ಬಂತು. ಹೊಗೆಯಿಂದಲೇ ಬಂತು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಲು ಆಗುವುದೂ ಇಲ್ಲ. ಆದರೆ ಆ ಹೊಗೆಯ ಬಗ್ಗೆ ನಮ್ಮಲ್ಲಿ ಯಾರೂ ಒಂದು ಮಾತಾಡಲಿಲ್ಲ. ಸಿಹಿ ತಿಂದೆ, ಮಾವಿನಹಣ್ಣು ತಿಂದೆ ಎಂದು ಅವಳನ್ನೇ ಬೈದೆವು. ಆ ಬೇಸರ ನನಗೆ ಇವತ್ತಿಗೂ ಹೋಗಿಲ್ಲ.

ಬಸುರಿಯಲ್ಲಿ ಶುಗರ್ ಬರುವುದು ಹೇಗೆ ಅಂದರೆ, ಮಾಸು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಅವು ತಾಯಿಯ ಇನ್ಸುಲಿನ್ ಕೆಲಸವನ್ನು ಸ್ವಲ್ಪ ತಡೆಯುತ್ತವೆ, ಮಗುವಿಗೆ ಸಕ್ಕರೆ ಸಿಗಲಿ ಎಂದು. ಆಗ ತಾಯಿಯ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಮಾಡಬೇಕು. ಅದಕ್ಕೆ ಸಾಕಾಗದಿದ್ದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮನೆತನದಲ್ಲಿ ಶುಗರ್ ಇದ್ದರೆ, ತೂಕ ಜಾಸ್ತಿ ಇದ್ದರೆ, ವಯಸ್ಸು ಹೆಚ್ಚಿದ್ದರೆ ಅಪಾಯ ಹೆಚ್ಚು, ಇದು ಎಲ್ಲರಿಗೂ ಗೊತ್ತು. ಗಾಳಿ, ನೀರು, ಪ್ಲಾಸ್ಟಿಕ್, ಕೀಟನಾಶಕಗಳಲ್ಲಿರುವ ಕೆಲವು ವಸ್ತುಗಳು ಈ ಭಾರಕ್ಕೆ ಇನ್ನೊಂದು ಕಲ್ಲು ಸೇರಿಸಬಹುದು ಎನ್ನುವುದು ಈಚಿನ ಸಂಶೋಧನೆಗಳ ಮಾತು. ಸೂಕ್ಷ್ಮ ಧೂಳು ಮೈಯೊಳಗೆ ಉರಿಯೂತ ಎಬ್ಬಿಸಿ ಇನ್ಸುಲಿನ್ ಕೆಲಸ ಕೆಡಿಸುತ್ತದೆ, ಇನ್ನು ಕೆಲವು ರಾಸಾಯನಿಕಗಳು ಹಾರ್ಮೋನಿನ ವೇಷ ಹಾಕಿಕೊಂಡು ಬಂದು ಮೈಗೆ ಸುಳ್ಳು ಸಂದೇಶ ಕೊಡುತ್ತವೆ. ಜನರಲ್ಲಿ ನಂಟು ಕಂಡಿದೆ, ಇದರಿಂದಲೇ ಅದು ಎಂಬ ಕೊನೆಯ ಸಾಬೀತು ಆಗಿಲ್ಲ. ಹಾಗಂತ ಕೈಕಟ್ಟಿ ಕೂರಬೇಕಿಲ್ಲ, ಯಾಕೆಂದರೆ ಕೆಳಗೆ ಹೇಳುವ ಬದಲಾವಣೆಗಳಲ್ಲಿ ಹೆಚ್ಚಿನವಕ್ಕೆ ಖರ್ಚೇ ಇಲ್ಲ.

ಮೊದಲು ಹೊಗೆ

ಬಸುರಿ ಒಲೆ ಮುಂದೆ ಕೂರುವುದನ್ನು ಇವತ್ತೇ ನಿಲ್ಲಿಸಿ. ನೀರು ಕಾಯಿಸುವ ಕೆಲಸ ಗಂಡನೋ ಮಾವನೋ ಮಾಡಲಿ. ಸೋಲಾರ್, ಗೀಸರ್ ಇಲ್ಲದಿದ್ದರೆ ಒಣ ಸೌದೆ ಮಾತ್ರ ಹಾಕಿ, ಹಸಿ ಸೌದೆಗೆ ಹೊಗೆ ಜಾಸ್ತಿ. ಪ್ಲಾಸ್ಟಿಕ್ ಮಾತ್ರ ಯಾವ ಕಾರಣಕ್ಕೂ ಬೇಡ, ಅದು ಸುಟ್ಟಾಗ ಡಯಾಕ್ಸಿನ್‌ನಂಥ ವಿಷ ಹುಟ್ಟಬಹುದು, ಒಮ್ಮೆ ಮೈಯ ಕೊಬ್ಬಿಗೆ ಸೇರಿದರೆ ಅದು ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ಊರಿನಲ್ಲಿ ಬೆಳಗ್ಗೆ ಕಸ ಗುಡಿಸಿ ರಸ್ತೆ ಬದಿಯಲ್ಲೇ ಬೆಂಕಿ ಹಚ್ಚುತ್ತಾರಲ್ವಾ, ಆ ಹೊತ್ತಿಗೆ ವಾಕಿಂಗ್ ಹೋಗಬೇಡಿ, ಕಿಟಕಿ ಮುಚ್ಚಿ, ಸಾಧ್ಯವಾದರೆ ಹಚ್ಚುವವರ ಹತ್ತಿರ ಹೋಗಿ ಮಾತಾಡಿ.

ಸೊಳ್ಳೆಬತ್ತಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಧೂಳು 75ರಿಂದ 137 ಸಿಗರೇಟಿನಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ಹೇಳಿತ್ತು. ಬಾಗಿಲು ಹಾಕಿದ ಕೋಣೆಯಲ್ಲಿ ರಾತ್ರಿಯಿಡೀ ಅದನ್ನು ಉಸಿರಾಡುವುದು ಅಂದರೆ ಏನು, ನೀವೇ ಯೋಚಿಸಿ. ಹಾಗಂತ ಸೊಳ್ಳೆ ಕಚ್ಚಿಸಿಕೊಂಡು ಡೆಂಗಿ ಬರಿಸಿಕೊಳ್ಳುವುದೂ ಬೇಡ. ಪರದೆ ಕಟ್ಟಿ, ಕಿಟಕಿಗೆ ಜಾಲರಿ ಹಾಕಿಸಿ. ಮನೆಯೊಳಗೆ ಬೀಡಿ ಸಿಗರೇಟು ಸೇದುವವರು ಹೊರಗೆ ಹೋಗಲಿ. ಅಗರಬತ್ತಿ, ಸಾಂಬ್ರಾಣಿಯ ಹೊಗೆಯೂ ಹೊಗೆಯೇ, ದೇವರಿಗೆ ಒಂದು ದೀಪ ಸಾಕು.

ಹೊರಗಿನ ಗಾಳಿ ನಿಮ್ಮ ಕೈಯಲ್ಲಿಲ್ಲ, ನಿಜ. 2.5 ಮೈಕ್ರಾನ್‌ಗಿಂತ ಸಣ್ಣ ಧೂಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 40. ಅಂದರೆ ನಮ್ಮ ಲೆಕ್ಕದಲ್ಲಿ ಪಾಸಾದ ಊರಿನ ಗಾಳಿಯೂ ಬಸುರಿಗೆ ಅಷ್ಟು ಒಳ್ಳೆಯದೇನಲ್ಲ. ಟ್ರಾಫಿಕ್ ಜಾಸ್ತಿ ಇರುವ ಹೊತ್ತು, ರಸ್ತೆ ತಪ್ಪಿಸಿ ನಡೆಯಿರಿ. ನಡೆಯುವುದನ್ನೇ ಬಿಡಬೇಡಿ, ಶುಗರ್ ತಡೆಯಲು ನಡಿಗೆ ಬೇಕೇ ಬೇಕು.

ಆಮೇಲೆ ಹೊಲ

ಈ ಭಾಗವನ್ನು ಟೊಮೆಟೊ, ಹತ್ತಿ, ದ್ರಾಕ್ಷಿ, ಅಡಿಕೆ ಬೆಳೆಯುವವರು ನಿಧಾನವಾಗಿ ಓದಿ. ಅಮೆರಿಕದ ಅಯೋವಾ ಮತ್ತು ನಾರ್ತ್ ಕ್ಯಾರೊಲಿನಾದಲ್ಲಿ ರೈತ ಕುಟುಂಬಗಳ 11 ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿ ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮೊದಲ ಮೂರು ತಿಂಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಕಲಸಿದ, ಹೊಡೆದ, ಅಥವಾ ಪಂಪು ರಿಪೇರಿ ಮಾಡಿದ ಬಸುರಿಯರಲ್ಲಿ ಶುಗರ್ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು ಇತ್ತು. ಮೊದಲ ಮೂರು ತಿಂಗಳು ಅಂದರೆ ಎಷ್ಟೋ ಸಲ ಬಸುರಿ ಎಂದು ಊರಿಗೆ ಗೊತ್ತಾಗದ ಕಾಲ. ಆದ್ದರಿಂದ ಮುಟ್ಟು ನಿಂತಿದೆ ಎಂದು ಗೊತ್ತಾದ ದಿನದಿಂದಲೇ ಔಷಧಿ ಕಲಸುವುದು, ಡ್ರಮ್ಮಿಗೆ ನೀರು ಹೊರುವುದು, ಪೈಪ್ ಹಿಡಿಯುವುದು ನಿಲ್ಲಬೇಕು. ಹೊಡೆದ ಹೊಲಕ್ಕೆ ಕಳೆ ಕೀಳಲು, ಕಾಯಿ ಬಿಡಿಸಲು ತಕ್ಷಣ ಹೋಗಬಾರದು, ಎಷ್ಟು ದಿನ ಬಿಡಬೇಕು ಎಂದು ಡಬ್ಬಿಯ ಮೇಲೆ ಬರೆದಿದೆಯೇ ನೋಡಿ. ಔಷಧಿ ಹೊಡೆದು ಬಂದವರ ಬಟ್ಟೆ ಒಗೆಯುವ ಕೆಲಸ ಬಸುರಿಗೆ ಬೀಳದಂತೆ ನೋಡಿ, ಉಳಿದ ಬಟ್ಟೆಗಳ ಜೊತೆ ನೆನೆಸಲೂಬೇಡಿ. ಖಾಲಿ ಡಬ್ಬಿ ಮನೆಯೊಳಗೆ ಬರಬಾರದು, ತೊಳೆದರೂ ಅಷ್ಟೇ. ಕೂಲಿಗೆ ಹೋಗುವವಳಿಗೆ ಇದೆಲ್ಲ ಹೇಳಿದಷ್ಟು ಸುಲಭವಲ್ಲ, ದಿನದ ದುಡ್ಡು ಹೋಗುತ್ತದೆ. ಹಾಗಾಗಿ ಇದು ಹೊಲದ ಯಜಮಾನರಿಗೂ ಹೇಳುವ ಮಾತು: ಆ ದಿನ ಅವಳಿಗೆ ಬೇರೆ ಕೆಲಸ ಕೊಡಿ.

ತರಕಾರಿ, ಹಣ್ಣನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಹೆದರಿ ತಿನ್ನುವುದನ್ನು ಕಡಿಮೆ ಮಾಡಬೇಡಿ.

ಕುಡಿಯುವ ನೀರು

ಕೆನಡಾದ 10 ನಗರಗಳಲ್ಲಿ 2008ರಿಂದ 2011ರವರೆಗೆ ಸುಮಾರು 2,000 ಬಸುರಿಯರನ್ನು ಸೇರಿಸಿಕೊಂಡು ಒಂದು ಅಧ್ಯಯನ ನಡೆಯಿತು. ಅದರಲ್ಲಿ ಆರ್ಸೆನಿಕ್ (ನೆಲದೊಳಗಿಂದ ಕುಡಿಯುವ ನೀರಿಗೆ ಸೇರಬಲ್ಲ ವಿಷವಸ್ತು) ಪ್ರಮಾಣ ಮೈಯಲ್ಲಿ ಹೆಚ್ಚಿದ್ದವರಲ್ಲಿ ಬಸುರಿ ಶುಗರ್ ಕೂಡ ಹೆಚ್ಚು ಕಂಡಿತು. ಪ್ಲಾಸ್ಟಿಕ್‌ನ ರಾಸಾಯನಿಕಗಳಿಗೆ ಅಲ್ಲಿ ಅಂಥ ನಂಟು ಕಾಣಲಿಲ್ಲ. ನಾನು ನೀರನ್ನು ಪ್ಲಾಸ್ಟಿಕ್‌ಗಿಂತ ಮೊದಲು ಇಟ್ಟಿದ್ದು ಅದಕ್ಕೇ. ರಾಯಚೂರು, ಯಾದಗಿರಿ ಕಡೆ ಚಿನ್ನದ ನಿಕ್ಷೇಪದ ಸುತ್ತಲಿನ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಮಿತಿ ಮೀರಿ ಸಿಕ್ಕಿದೆ. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಪರೀಕ್ಷೆ ಮಾಡಿಸದೆ ತಿಳಿಯುವುದೇ ಇಲ್ಲ. ಕುದಿಸಿದರೆ ಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಆ ಭಾಗದವರು ಗ್ರಾಮ ಪಂಚಾಯಿತಿಯಲ್ಲಿ ಕೇಳಿ ನೀರನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿ. ಆರ್ಸೆನಿಕ್ ಇದ್ದರೆ ಬೇರೆ ಮೂಲದ ನೀರು, ಇಲ್ಲವೇ ಸರಿಯಾಗಿ ನಡೆಯುತ್ತಿರುವ ಶುದ್ಧ ನೀರಿನ ಘಟಕದ ನೀರು ಕುಡಿಯಲಿಕ್ಕೂ ಅಡುಗೆಗೂ ಬಳಸಿ.

ಬಿಸಿಗೂ ಪ್ಲಾಸ್ಟಿಕ್‌ಗೂ ದೂರ

ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸಬಾರದು ಎಂದು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಹೇಳಿತು. ಬಿಸಿ ಸಾಂಬಾರ್ ಇನ್ನೂ ಕವರಿನಲ್ಲೇ ಮನೆಗೆ ಬರುತ್ತಿದೆ. ಪಾರ್ಸಲ್ ತರಲು ಸ್ಟೀಲ್ ಕ್ಯಾರಿಯರ್ ಒಯ್ಯಿರಿ. ಪೇಪರ್ ಕಪ್ ಅಂತ ನಾವು ಹೇಳುವುದಕ್ಕೂ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. 100 ಮಿಲಿ ಬಿಸಿ ದ್ರವ 15 ನಿಮಿಷ ಅದರಲ್ಲಿದ್ದರೆ ಸುಮಾರು 25 ಸಾವಿರ ಪ್ಲಾಸ್ಟಿಕ್ ಕಣ ಬಿಡುತ್ತದೆ ಎಂದು ಖರಗಪುರದ ಐಐಟಿ ಸಂಶೋಧಕರು ಎಣಿಸಿದ್ದಾರೆ. ಗಾಜಿನ ಲೋಟದಲ್ಲಿ ಕೊಡಿ ಎಂದು ಕೇಳಿದರೆ ಯಾವ ಟೀ ಅಂಗಡಿಯವರೂ ಇಲ್ಲ ಎನ್ನುವುದಿಲ್ಲ. ಕೋಟಿಂಗ್ ಎದ್ದ ನಾನ್‌ಸ್ಟಿಕ್ ತವಾ ತೆಗೆದಿಟ್ಟು ಕಬ್ಬಿಣದ ಕಾವಲಿ ಇಳಿಸಿ. ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ ಕೆಲಸ ಮಾಡುವ ಬಸುರಿಯರೇ, ನುಣುಪು ಬಿಲ್ ಕಾಗದದ ಮೇಲೆ ಬಿಪಿಎ ಎಂಬ, ಹಾರ್ಮೋನಿನ ವೇಷ ಹಾಕುವ ರಾಸಾಯನಿಕ ಇರಬಹುದು, ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಅದನ್ನು ಹಿಡಿಯಬೇಡಿ, ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ.

ಇದರಲ್ಲಿ ಒಂದು ಸಮಾಧಾನವಿದೆ. ಬಿಪಿಎ ಮೈಯಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಭಾಗದ ಐದು ಕುಟುಂಬಗಳ 20 ಜನ ಡಬ್ಬಿ, ಪ್ಯಾಕೆಟ್ ಆಹಾರ ಬಿಟ್ಟು ತಾಜಾ ಅಡುಗೆ ಉಂಡಾಗ ಮೂರೇ ದಿನದಲ್ಲಿ ಮೂತ್ರದ ಬಿಪಿಎ ಮೂರನೇ ಎರಡು ಭಾಗದಷ್ಟು ಇಳಿಯಿತು. ಏಳನೇ ತಿಂಗಳಲ್ಲಿ ಶುರು ಮಾಡಿದರೂ ತಡವಾಯಿತು ಅಂತ ಇಲ್ಲ.

ಪರೀಕ್ಷೆ ಬಿಡಬೇಡಿ

ಇಷ್ಟೆಲ್ಲ ಮಾಡಿದರೂ ಶುಗರ್ ಬರಬಹುದು. ಅದು ನಿಮ್ಮ ತಪ್ಪಲ್ಲ. ಬಂದದ್ದು ಗೊತ್ತಾಗದೆ ಹೋಗುವುದೇ ನಿಜವಾದ ಅಪಾಯ, ಯಾಕೆಂದರೆ ಬಹಳ ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಮೊದಲ ಸಲ ತಪಾಸಣೆಗೆ ಹೋದಾಗಲೇ ಒಂದು ಪರೀಕ್ಷೆ, ಸರಿಯಿದ್ದರೆ 24ರಿಂದ 28ನೇ ವಾರದಲ್ಲಿ ಇನ್ನೊಂದು, ಸರ್ಕಾರದ ನಿಯಮವೇ ಹೀಗಿದೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸುತ್ತಾರೆ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. ಖಾಲಿ ಹೊಟ್ಟೆಯೇ ಆಗಬೇಕೆಂದಿಲ್ಲ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಿಸಬೇಕು. ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸುರಿ ಶುಗರ್. ಎರಡು ವಾರ ಊಟದ ಪಥ್ಯ, ನಡಿಗೆ, ಆಮೇಲೂ ಊಟವಾದ ಎರಡು ಗಂಟೆಗೆ 120ಕ್ಕಿಂತ ಕೆಳಗೆ ಬರದಿದ್ದರೆ ವೈದ್ಯರು ಔಷಧಿ ಶುರು ಮಾಡುತ್ತಾರೆ. ಇನ್ಸುಲಿನ್ ಎಂದರೆ ಹೆದರಬೇಡಿ, ಅದು ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ ಎಂದೇ ಹೇಳಬಹುದು. ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಹೆರಿಗೆಯಾದ ಮೇಲೆ ಶುಗರ್ ಸಾಮಾನ್ಯವಾಗಿ ಇಳಿಯುತ್ತದೆ, ಎಲ್ಲರೂ ಮರೆತುಬಿಡುತ್ತಾರೆ. ಆರು ವಾರಕ್ಕೆ ತಾಯಿಗೆ ಇನ್ನೊಂದು ಪರೀಕ್ಷೆ ಇದೆ. ಮಗುವಿಗೂ ಲಸಿಕೆ ಹಾಕಿಸುವುದು ಆರನೇ ವಾರದಲ್ಲೇ ಅಲ್ವಾ, ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಿ ಎಂದು ಆಶಾ ಕಾರ್ಯಕರ್ತೆಗೆ ಈಗಲೇ ಹೇಳಿಟ್ಟಿರಿ.